ಮಿಸ್ಸಿಂಗ್ ಯಾವಾಗ ಹೊಡೀತು ಅಂತ ಮೊದಲು ಕೇಳ್ಬೇಕು

ಗಾಡಿ ಮಿಸ್ಸಿಂಗ್ ಹೊಡೀತಿದೆ, ಅಂದ್ರೆ ಎಂಜಿನ್ ಮಧ್ಯೆ ಮಧ್ಯೆ ಉರೀದೆ ಮುಗ್ಗರಿಸ್ತಿದೆ ಅಂತ ಯಾರಾದ್ರೂ ಹೇಳಿದ್ರೆ ನಮ್ಮ ಕಡೆ ಮೊದಲು ಬರೋ ಮಾತು ‘ಪ್ಲಗ್ ಚೇಂಜ್ ಮಾಡ್ಸಿ’, ಆಮೇಲೆ ‘ಕಾರ್ಬೊರೇಟರ್ ಬಿಚ್ಚಿ ಕ್ಲೀನ್ ಮಾಡ್ಸಿ’, ಅದಾದ್ಮೇಲೆ ‘ಇಷ್ಟು ಹಳೇ ಗಾಡಿ ಇನ್ನೂ ಯಾಕೆ ಇಟ್ಕೊಂಡಿದ್ದೀರಾ, ಕೊಟ್ಬಿಡಿ’. ಈ ಮಾತುಗಳ ಮಧ್ಯೆ ಒಂದು ಪ್ರಶ್ನೆ ಮಾತ್ರ ಯಾರೂ ಕೇಳಲ್ಲ. ಯಾವಾಗ ಹೊಡೀತು? ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣಾನಾ, ಬಿಸಿ ಆದ್ಮೇಲಾ, ನಿಂತಲ್ಲೇ ಓಡ್ತಿರುವಾಗಲಾ, ಏರು ಹತ್ತುವಾಗಲಾ, ಮಳೆ ದಿನಾನಾ, ಬಿಸಿಲಿದ್ದಾಗಲೂ ಹೊಡೀತಾ? ಹಳೇ ಕಾರಿನ ಎಂಜಿನ್ ತಾನಾಗೇ ಏನನ್ನೂ ಹೇಳಲ್ಲ ಅಂತ ಅಂದ್ಕೊಂಡಿರ್ತೀವಿ, ಆದ್ರೆ ಯಾವಾಗ ಅನ್ನೋದನ್ನ ಸರಿಯಾಗಿ ಗಮನಿಸಿದ್ರೆ ಅರ್ಧ ರಿಪೇರಿ ಅಲ್ಲೇ ಆಗಿರುತ್ತೆ, ಸ್ಪ್ಯಾನರ್ ಮುಟ್ಟೋದಕ್ಕೂ ಮೊದಲೇ.

ನಮ್ಮ ಮನೇಲಿರೋದು 1995ರ ಮಾರುತಿ 800. 1994ರಲ್ಲಿ ಬ್ರೆಜಿಲ್ಲಲ್ಲಿ ಇಬ್ಬನಿ ಹೆಪ್ಪುಗಟ್ಟಿ ಅಲ್ಲಿನ ಕಾಫಿ ಗಿಡ ಸುಟ್ಟು ಹೋಗಿ ಇಲ್ಲಿ ರೇಟ್ ಏರಿತಲ್ಲ, ಆಗ ಕೊಡಗಲ್ಲಿ ಎಷ್ಟೋ ಮನೆ ಮುಂದೆ ಮೊದಲನೇ ಕಾರು ಬಂದು ನಿಂತಿದ್ದು, ನಮ್ಮದೂ ಹಾಗೇ ಬಂದಿದ್ದು. ಕೆಎ-12 ನಂಬರು, ನಾಕು ಗೇರು, 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಕೊಡೋದಕ್ಕೆ ಕಾರ್ಬೊರೇಟರ್. ಸೆನ್ಸರ್ ಇಲ್ಲ, ಕಂಪ್ಯೂಟರ್ ಇಲ್ಲ, ಡ್ಯಾಶ್‌ಬೋರ್ಡಲ್ಲಿ ಎಂಜಿನ್ ಲೈಟ್ ಉರಿಯೋ ವ್ಯವಸ್ಥೆನೇ ಇಲ್ಲ. ಹದಿನೈದು ವರ್ಷ ಆದ್ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಮಾಡಿಸ್ಕೊಂಡು ಬಂದಿದ್ದೀವಿ. ಅಪ್ಪ ಈಗ ಓಡಿಸಲ್ಲ, ಆದ್ರೆ ಶೆಡ್ಡಿಂದ ಗಾಡಿ ಹೊರಗೆ ಬರೋ ಸದ್ದು ಜಗಲೀಲಿ ಕೂತು ಕೇಳ್ತಾರೆ, ಈ ಸಲ ಮಿಸ್ಸಿಂಗ್ ಶುರುವಾಗಿದ್ದನ್ನ ಮೊದಲು ಹೇಳಿದ್ದೂ ಅವರೇ, ‘ಒಂದು ಪಾಟು ಕೆಲಸ ಮಾಡ್ತಿಲ್ಲ ನೋಡು’ ಅಂತ. ಪಾಟು ಅಂದ್ರೆ ಸಿಲಿಂಡರ್.

ಮೂರು ಸಿಲಿಂಡರ್ ಎಂಜಿನ್ನಲ್ಲಿ ಇದು ಕಿವಿಗೆ ಬೇಗ ಬೀಳುತ್ತೆ. ಫೋರ್ ಸ್ಟ್ರೋಕ್ ಎಂಜಿನ್ ಅಂದ್ರೆ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಪ್ರತಿ ಸಿಲಿಂಡರೂ ಒಂದೊಂದು ಸಲ ಉರಿಯುತ್ತೆ. ಐಡಲಲ್ಲಿ, ಅಂದ್ರೆ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವಾಗ, 900 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಇದೆ ಅಂದ್ಕೊಳ್ಳಿ, ಮೂರೂ ಸೇರಿ ನಿಮಿಷಕ್ಕೆ 1350 ಸಲ ಉರೀಬೇಕು, ಅದರಲ್ಲಿ ಒಂದು ಸತ್ತರೆ 450 ಹೊಡೆತ ಹೋಯ್ತು, ಸೆಕೆಂಡಿಗೆ ಏಳೂವರೆ. ಅದಕ್ಕೇ ಸ್ಟೇರಿಂಗ್ ನಡುಗೋದು, ಗೇರ್ ಲಿವರ್ ಅಲ್ಲಾಡೋದು, ಸೈಲೆನ್ಸರಿಂದ ಸಮ ಇಲ್ಲದ ಪುಟ್-ಪುಟ್ ಸದ್ದು ಬರೋದು. ನಾಕು ಸಿಲಿಂಡರ್ ಗಾಡೀಲಿ ಒಂದು ಹೋದ್ರೆ ಕಾಲು ಭಾಗ ಶಕ್ತಿ ಹೋಗುತ್ತೆ, ಇದರಲ್ಲಿ ಮೂರರಲ್ಲೊಂದು ಪಾಲು. ಸತ್ತ ಸಿಲಿಂಡರ್ ಸುಮ್ನೆ ಕೂರೋದೂ ಇಲ್ಲ, ಅದಕ್ಕೆ ಬಂದ ಪೆಟ್ರೋಲ್ ಉರೀದೆ ಸಿಲಿಂಡರ್ ಗೋಡೆ ಮೇಲಿರೋ ಆಯಿಲನ್ನ ತೊಳೆದು ಕೆಳಗಿಳಿದು ಎಂಜಿನ್ ತಳದ ಸಂಪಿನ ಆಯಿಲ್ ಜೊತೆ ಸೇರುತ್ತೆ. ಓಡ್ತಾ ಇದೆಯಲ್ಲ ಓಡ್ಲಿ ಬಿಡು ಅಂತ ತಿಂಗಳುಗಟ್ಟಲೆ ಬಿಡೋ ಕಾಯಿಲೆ ಅಲ್ಲ ಇದು.

ಶುರುವಾಗಿದ್ದು ಜೂನ್ ಮಳೆ ಹಿಡಿದ ಮೇಲೆ. ಕೊಡಗಿನ ಮಳೆ ಗೊತ್ತಿಲ್ಲದವರಿಗೆ ಹೇಳ್ಬೇಕು ಅಂದ್ರೆ, ಇಲ್ಲಿ ತೋಟದವರು ಮಳೇನ ಇಂಚಲ್ಲಿ ಲೆಕ್ಕ ಹಾಕ್ತಾರೆ, ಫೋನ್ ಮಾಡಿದ್ರೆ ಊಟ ಆಯ್ತಾ ಅನ್ನೋದಕ್ಕೂ ಮೊದಲು ‘ನಿಮ್ಮಲ್ಲಿ ಎಷ್ಟು ಇಂಚಾಯ್ತು’ ಅಂತ ಕೇಳ್ತಾರೆ. ಭಾಗಮಂಡಲದಲ್ಲಿ ಸಂಗಮದ ನೀರು ರಸ್ತೆಗೆ ಬಂತು ಅಂತ ಸುದ್ದಿ ಬರೋ ವಾರಗಳಲ್ಲಿ ಬಟ್ಟೆ ಒಣಗಲ್ಲ, ಉಪ್ಪಿನ ಡಬ್ಬಿ ನೀರಾಗುತ್ತೆ, ಗೋಡೆಗೆ ಹಾಕಿದ ಫೋಟೋ ಹಿಂದೆ ಬೂಷ್ಟು ಬರುತ್ತೆ. ನಮ್ಮ ಕಾರ್ ಶೆಡ್ಡಿಗೆ ಮೇಲೆ ಶೀಟು, ಎರಡು ಕಡೆ ಗೋಡೆ, ಮುಂದೆ ತೆರೆದಿದೆ. ಮಳೆ ನೇರ ಬೀಳದೇ ಇದ್ರೂ ಮಂಜು ಒಳಗೆ ಬರುತ್ತೆ, ಬಾನೆಟ್ ಎತ್ತಿದ್ರೆ ಪ್ಲಗ್ ವೈರ್ ಮೇಲೆ, ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಮೇಲೆ ಸಣ್ಣ ಸಣ್ಣ ಹನಿ.

ಮೊದಮೊದಲು ಬೆಳಿಗ್ಗೆ ಮಾತ್ರ ಹೊಡೀತಿತ್ತು. ಮೂರ್ನಾಡು ಪೇಟೆ ಮುಟ್ಟೋ ಹೊತ್ತಿಗೆ ಎಂಜಿನ್ ಬಿಸಿ ಆಗಿ ಎಲ್ಲ ಸರಿ ಹೋಗ್ತಿತ್ತು. ಇದು ಇಲ್ಲಿ ತುಂಬಾ ಗಾಡೀಲಿ ಕಾಣೋ ವಿಷಯ, ಮಳೆಗಾಲ ಅಂದ್ರೆ ಹಾಗೇ ಅಂತ ಜನ ಸುಮ್ನಿರ್ತಾರೆ. ಆದ್ರೆ ಜುಲೈ ಮಧ್ಯದಲ್ಲಿ ಕಕ್ಕಡ ತಿಂಗಳು ಬರೋ ಹೊತ್ತಿಗೆ ಇನ್ನೊಂದು ಲಕ್ಷಣ ಸೇರಿತು. ಕುಶಾಲನಗರದಿಂದ ಗೊಬ್ಬರ ಹಾಕ್ಕೊಂಡು ಬರ್ತಿದ್ದೆ, ಮಳೆ ಬಿಟ್ಟು ಬಿಸಿಲು ಬಂದಿತ್ತು, ಆನೆಕಾಡಿನ ಸಮ ರಸ್ತೇಲಿ ಗಾಡಿ ಚೆನ್ನಾಗೇ ಓಡ್ತು, ಸುಂಟಿಕೊಪ್ಪ ದಾಟಿ ಬೋಯಿಕೇರಿ ಕಡೆ ಏರು ಶುರುವಾಗಿ ಮೂರನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ್ರೆ ಸಾಕು ಡಬ್ ಡಬ್ ಅಂತ ಜರ್ಕ್, ಕಾಲು ಸ್ವಲ್ಪ ಎತ್ತಿದ್ರೆ ಮತ್ತೆ ಸಮ. ಎಂಜಿನ್ ಪೂರ್ತಿ ಬಿಸಿ ಇದೆ, ತೇವ ಇಲ್ಲ, ಆದ್ರೂ ಹೊಡೀತಿದೆ, ಅದೂ ಭಾರ ಬಿದ್ದಾಗ ಮಾತ್ರ. ಬೆಳಗಿನ ಮಿಸ್ಸಿಂಗ್‌ಗಿಂತ ನನಗೆ ಈ ಏರಿನ ಮಿಸ್ಸಿಂಗೇ ಜಾಸ್ತಿ ವಿಷಯ ಹೇಳ್ತು.

ಯಾಕೆ ಅಂತ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಪ್ಲಗ್ಗಿನ ಎರಡು ತುದಿ ಮಧ್ಯೆ ಇರೋ ಗ್ಯಾಪಲ್ಲಿ ಕಿಡಿ ಹಾರ್ಬೇಕು. ಆ ಗ್ಯಾಪಲ್ಲಿರೋ ಗಾಳಿ-ಪೆಟ್ರೋಲ್ ಎಷ್ಟು ಒತ್ತಿಕೊಂಡಿರುತ್ತೋ ಕಿಡಿ ಹಾರೋದಕ್ಕೆ ಅಷ್ಟು ಜಾಸ್ತಿ ವೋಲ್ಟೇಜ್ ಬೇಕು. ಐಡಲಲ್ಲಿ ಥ್ರಾಟಲ್ (ಗಾಳಿ ಒಳಗೆ ಬಿಡೋ ಬಾಗಿಲು) ಮುಚ್ಚಿರುತ್ತೆ, ಸಿಲಿಂಡರಿಗೆ ಹೋಗೋ ಗಾಳಿ ಕಡಿಮೆ, ಒತ್ತಡ ಕಡಿಮೆ, ಹಾಗಾಗಿ ಇಗ್ನಿಷನ್, ಅಂದ್ರೆ ಕಿಡಿ ಕೊಡೋ ವ್ಯವಸ್ಥೆ, ದುರ್ಬಲ ಆಗಿದ್ರೂ ಹೇಗೋ ನಿಭಾಯಿಸುತ್ತೆ. ಏರಲ್ಲಿ ಆಕ್ಸಿಲರೇಟರ್ ಒತ್ತಿದಾಗ ಥ್ರಾಟಲ್ ಪೂರ್ತಿ ತೆರೆದು ಸಿಲಿಂಡರ್ ತುಂಬುತ್ತೆ, ಒತ್ತಡ ಏರುತ್ತೆ, ಬೇಕಾಗೋ ವೋಲ್ಟೇಜೂ ಏರುತ್ತೆ, ಆಗ ಕರೆಂಟ್ ಗ್ಯಾಪ್ ದಾಟೋ ಬದಲು ಎಲ್ಲೋ ಸುಲಭದ ದಾರಿ ಇದ್ರೆ ಅಲ್ಲಿ ಇಳಿದು ಹೋಗುತ್ತೆ. ಗದ್ದೆ ಏರೀಲಿ ಏಡಿ ತೂತು ಇದ್ರೆ ನೀರು ಕಡಿಮೆ ಇದ್ದಾಗ ಗೊತ್ತೇ ಆಗಲ್ಲ, ಗದ್ದೆ ತುಂಬಿದ ದಿನ ಅಲ್ಲೇ ಒಡೆಯುತ್ತೆ, ಹಾಗೆ ಇದು. ಇದಕ್ಕೆ ಪೂರ್ತಿ ಉಲ್ಟಾ ಇರೋದು ಗಾಳಿ ಲೀಕ್. ಸಿಲಿಂಡರಿಗೆ ಗಾಳಿ-ಪೆಟ್ರೋಲ್ ಒಯ್ಯೋ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಅಥವಾ ವ್ಯಾಕ್ಯೂಮ್ ಹೋಸ್ ಒಡೆದಿದ್ರೆ ಎಂಜಿನ್ ಐಡಲಲ್ಲಿ ನಡುಗುತ್ತೆ, ಯಾಕಂದ್ರೆ ಒಳಗಿನ ಎಳೆತ ಜಾಸ್ತಿ ಇರೋದು ಆಗಲೇ, ಆಕ್ಸಿಲರೇಟರ್ ಕೊಟ್ಟಾಗ ಎಳೆತ ಕಡಿಮೆ ಆಗಿ, ಹೋಗೋ ಗಾಳಿಯ ಮುಂದೆ ಆ ಲೀಕು ಲೆಕ್ಕಕ್ಕೇ ಬರಲ್ಲ, ಗಾಡಿ ಸರಿಯಾಗಿ ಓಡುತ್ತೆ. ಹಾಗಾಗಿ ‘ಏರಲ್ಲಿ ಹೊಡೀತು, ನಿಂತಲ್ಲಿ ಸರಿ ಇತ್ತು’ ಅಂದ್ರೆ ಮೊದಲು ಇಗ್ನಿಷನ್ ನೋಡ್ಬೇಕು. ‘ನಿಂತಲ್ಲಿ ಹೊಡೀತು, ಏರಲ್ಲಿ ಸರಿ ಇತ್ತು’ ಅಂದ್ರೆ ಗಾಳಿ ಲೀಕ್, ವಾಲ್ವ್, ಕಾರ್ಬೊರೇಟರಿನ ಐಡಲ್ ಜೆಟ್ (ಐಡಲಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತು) ಕಡೆ ಹೋಗ್ಬೇಕು. ನೂರಕ್ಕೆ ನೂರು ಹೀಗೇ ಅಂತಲ್ಲ, ಹುಡುಕೋದನ್ನ ಎಲ್ಲಿಂದ ಶುರು ಮಾಡ್ಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ದಾರಿ ನಾನು ಕಂಡಿಲ್ಲ.

ಪೇಟೇಲಿ ಒಂದು ಗ್ಯಾರೇಜಲ್ಲಿ ತೋರಿಸ್ದಾಗ ಗಾಡಿ ಸ್ಟಾರ್ಟ್ ಮಾಡೋದಕ್ಕೂ ಮೊದಲೇ ಕಾರ್ಬೊರೇಟರ್ ಹೋಗಿದೆ, ಹೊಸದು ತರಿಸ್ಬೇಕು ಅಂದ್ರು. ಕಾರ್ಬೊರೇಟರ್ ಒಂದೇ, ಅದು ಮೂರೂ ಸಿಲಿಂಡರಿಗೆ ಕೊಡೋದು, ಒಂದೇ ಸಿಲಿಂಡರ್ ಸಾಯ್ತಿದ್ರೆ ಅದನ್ನ ಮೊದಲು ಯಾಕೆ ಹಿಡೀಬೇಕು ಅಂತ ನಾನು ಗಾಡಿ ವಾಪಸ್ ತಂದೆ. ನನಗೆ ಇದರ ಬಗ್ಗೆ ನಿಜವಾಗ್ಲೂ ಬೇಜಾರಿದೆ. ದುಡ್ಡಿನ ಮಾತಲ್ಲ ಬರೀ. ಹೀಗೆ ಪಾರ್ಟ್ ಮೇಲೆ ಪಾರ್ಟ್ ಹಾಕ್ತಾ ಹೋದ್ರೆ ಕೊನೆಗೆ ಯಾವುದರಿಂದ ಸರಿ ಹೋಯ್ತು ಅನ್ನೋದು ಗೊತ್ತಾಗಲ್ಲ, ಸರಿ ಹೋಗ್ಲಿಲ್ಲ ಅಂದ್ರೆ ಹಳೇ ದೋಷದ ಜೊತೆ ಹೊಸ ಪಾರ್ಟಿನ ಸೆಟ್ಟಿಂಗ್ ದೋಷಾನೂ ಸೇರ್ಕೊಂಡಿರುತ್ತೆ. ಎಷ್ಟೋ ಒಳ್ಳೊಳ್ಳೆ ಹಳೇ ಗಾಡಿಗಳು ಗುಜರಿಗೆ ಹೋಗಿದ್ದು ಎಂಜಿನ್ ಕೆಟ್ಟು ಅಲ್ಲ, ಹೀಗೆ ಊಹೆ ಮೇಲೆ ಬಿಚ್ಚಿ ಬಿಚ್ಚಿ ಮಾಲೀಕರಿಗೆ ಸಾಕಾಗಿ ಹೋಗಿ.

ನಮಗೆ ಗಾಡಿ ಕೆಲಸ ಅಂದ್ರೆ ಸಿದ್ದಾಪುರ ಕಡೆಯ ಮೆಕ್ಯಾನಿಕ್ ಕಾಕ. ವಯಸ್ಸಾಗಿದೆ, ಈಗ ಗ್ಯಾರೇಜು ಮಗ ನೋಡ್ಕೊಳ್ತಾನೆ, ಆದ್ರೂ ಪಾಯಿಂಟ್ (ಕಿಡಿಗೆ ಕರೆಂಟ್ ಕಡಿದು ಕೊಡೋ ಹಳೇ ಥರದ ಸ್ವಿಚ್ಚು) ಇರೋ ಗಾಡಿ ಬಂದ್ರೆ ಅವರೇ ಎದ್ದು ಬರ್ತಾರೆ. ಫೋನಲ್ಲಿ ಹೇಳಿದ್ದಕ್ಕೆ ಅವರು ಕೇಳಿದ್ದು ಒಂದೇ, ‘ಮೋನೆ (ಮಗನೇ), ಯಾವ ಪಾಟು ಸತ್ತಿರೋದು? ಅದು ನೋಡು ಮೊದ್ಲು. ಅದು ಗೊತ್ತಾಗ್ದೆ ಏನೂ ಬಿಚ್ಚಬೇಡ.’

ಅದನ್ನ ನೋಡೋದು ಕಷ್ಟ ಅಲ್ಲ. ಎಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆದು, ಆ ವೈರಿಗೆ ಬೇರೆ ಒಂದು ಹಳೇ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಮೈ ಎಂಜಿನ್ ಕಬ್ಬಿಣಕ್ಕೆ ತಾಗೋ ಹಾಗೆ ಗಟ್ಟಿ ಕೂರಿಸಿ ಸ್ಟಾರ್ಟ್ ಮಾಡೋದು. ವೈರನ್ನ ಗಾಳೀಲಿ ಸುಮ್ನೆ ತೂಗಾಡೋಕೆ ಬಿಡಬಾರ್ದು, ಕರೆಂಟಿಗೆ ಹೋಗೋ ಜಾಗ ಇಲ್ದೆ ಕಾಯಿಲ್ಲಿಗೋ ಕ್ಯಾಪಿಗೋ ಪೆಟ್ಟು ಬೀಳುತ್ತೆ. ಒಂದನೇದು ತೆಗೆದಾಗ ಎಂಜಿನ್ ಮೊದಲಿಗಿಂತ ಜಾಸ್ತಿ ಕುಂಟಿದ್ರೆ ಒಂದನೇದು ಕೆಲಸ ಮಾಡ್ತಿತ್ತು ಅಂತ. ತೆಗೆದ್ರೂ ಸದ್ದಲ್ಲಿ ಏನೂ ವ್ಯತ್ಯಾಸ ಆಗ್ಲಿಲ್ಲ ಅಂದ್ರೆ ಅದು ಮೊದಲೇ ಸತ್ತಿತ್ತು. ಇದನ್ನ ತಣ್ಣಗಿದ್ದಾಗಲೇ, ಮಿಸ್ಸಿಂಗ್ ಇರುವಾಗಲೇ ಮಾಡ್ಬೇಕು, ಬಿಸಿ ಆಗಿ ಸರಿ ಹೋದ್ಮೇಲೆ ಮಾಡಿದ್ರೆ ಮೂರೂ ಚೆನ್ನಾಗೇ ಕಾಣುತ್ತೆ. ಬೆಳಿಗ್ಗೆ ಮಂಜಲ್ಲೇ ಮಾಡಿ ನೋಡ್ದೆ. ಟೈಮಿಂಗ್ ಬೆಲ್ಟ್ ಕಡೆಯಿಂದ ಎಣಿಸಿದ್ರೆ ಮೂರನೇದು. ಅದರ ವೈರ್ ತೆಗೆದ್ರೂ ಎಂಜಿನ್ನಿಗೆ ಏನೂ ಅನ್ಸಲೇ ಇಲ್ಲ.

ಇಷ್ಟು ಗೊತ್ತಾದ ಕೂಡ್ಲೇ ಹುಡುಕೋ ಜಾಗ ಎಷ್ಟು ಚಿಕ್ಕದಾಯ್ತು ನೋಡಿ. ಬ್ಯಾಟರಿಯಿಂದ 12 ವೋಲ್ಟ್ ಕಾಯಿಲ್ಲಿಗೆ ಬರುತ್ತೆ, ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ತೆರೆದ ಕ್ಷಣ ಕಾಯಿಲ್ಲೊಳಗಿನ ಅಯಸ್ಕಾಂತ ಶಕ್ತಿ ಕುಸಿದು ಇನ್ನೊಂದು ಸುತ್ತಿನಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತೆ, ಅದು ಮಧ್ಯದ ವೈರಲ್ಲಿ ಕ್ಯಾಪಿಗೆ ಬಂದು, ತಿರುಗೋ ರೋಟರ್ ಯಾವ ಕಡೆ ಮುಖ ಮಾಡಿದೆಯೋ ಆ ಸಿಲಿಂಡರಿನ ವೈರಿಗೆ ಹೋಗುತ್ತೆ, ಈ ಎಂಜಿನ್ನಲ್ಲಿ 1-3-2 ಕ್ರಮದಲ್ಲಿ. ಚಾರ್ಲ್ಸ್ ಕೆಟರಿಂಗ್ ಅನ್ನೋ ಅಮೆರಿಕದ ಎಂಜಿನಿಯರ್ 1910ರ ಆಸುಪಾಸಲ್ಲಿ ಕ್ಯಾಡಿಲಾಕ್ ಕಾರಿಗೆ ಮಾಡಿಕೊಟ್ಟ ವ್ಯವಸ್ಥೆ ಇದು, ಎಂಬತ್ತು ವರ್ಷ ಆದ್ಮೇಲೂ ನಮ್ಮ ಮಾರುತೀಲಿ ಮೂಲದಲ್ಲಿ ಅದೇ, ನನಗೆ ಇದನ್ನ ನೆನೆಸ್ಕೊಂಡಾಗೆಲ್ಲ ಖುಷಿ ಆಗುತ್ತೆ. ಈಗ ವಿಷಯ ಏನಂದ್ರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್, ರೋಟರ್, ಇವೆಲ್ಲ ಮೂರಕ್ಕೂ ಒಂದೇ. ಇವು ಕೆಟ್ಟರೆ ಮೂರೂ ಸಿಲಿಂಡರ್ ಹೊಡೀಬೇಕು. ಒಂದೇ ಸಿಲಿಂಡರ್ ಸಾಯ್ತಿದೆ ಅಂದ್ರೆ ದೋಷ ಇರೋದು ರೋಟರ್ ದಾಟಿದ ಮೇಲೆ. ಕ್ಯಾಪಿನ ಆ ಒಂದು ಟರ್ಮಿನಲ್, ಆ ಒಂದು ವೈರ್, ಆ ಒಂದು ಪ್ಲಗ್, ಇಲ್ಲಾಂದ್ರೆ ಆ ಸಿಲಿಂಡರಿನ ವಾಲ್ವ್ ಅಥವಾ ಪಿಸ್ಟನ್ ರಿಂಗ್. ಅಷ್ಟೇ.

ವಾಲ್ವ್, ರಿಂಗ್ ವಿಷಯಾನ ಮೊದಲೇ ಪಕ್ಕಕ್ಕಿಡೋದು ಒಳ್ಳೇದು, ಯಾಕಂದ್ರೆ ಅದು ದೊಡ್ಡ ಖರ್ಚು, ಆ ಹೆದರಿಕೆ ಮನಸ್ಸಲ್ಲಿದ್ರೆ ಬೇರೆ ಏನೂ ಸರಿಯಾಗಿ ನೋಡಕ್ಕಾಗಲ್ಲ. ಕಾಕ ಸಿಲಿಂಡರ್ ಒಳಗಿನ ಒತ್ತಡ ಅಳೆಯೋ ಕಂಪ್ರೆಶನ್ ಗೇಜ್ ಕೊಟ್ಟು ಕಳಿಸಿದ್ರು. ಮೂರೂ ಪ್ಲಗ್ ಬಿಚ್ಚಿ, ಕಾಯಿಲ್ ಕನೆಕ್ಷನ್ ತೆಗೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೀಬೇಕು. ಇಲ್ಲಿ ನಂಬರ್ ಎಷ್ಟು ಅನ್ನೋದಕ್ಕಿಂತ ಮೂರೂ ಹತ್ತಿರ ಹತ್ತಿರ ಇದೆಯಾ ಅನ್ನೋದು ಮುಖ್ಯ. ಒಂದು ಮಾತ್ರ ಕಡಿಮೆ ಇದ್ರೆ ಆ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡ್ಬೇಕು, ಏರಿದ್ರೆ ರಿಂಗ್ ಸವೆದಿದೆ, ಏರ್ಲಿಲ್ಲ ಅಂದ್ರೆ ವಾಲ್ವ್ ಕೂರ್ತಿಲ್ಲ. ಅಕ್ಕಪಕ್ಕದ ಎರಡೂ ಕಡಿಮೆ ಇದ್ರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ನಮ್ಮದು ಮೂರೂ ಹೆಚ್ಚು ಕಡಿಮೆ ಒಂದೇ ಬಂತು. ಅಪ್ಪನಿಗೆ ಹೇಳಿದಾಗ ‘ಎಂಜಿನ್ ಚೆನ್ನಾಗಿದೆ ಅಂತ ನಾನು ಹೇಳ್ಲಿಲ್ವಾ’ ಅಂದ್ರು.

ಪ್ಲಗ್ ಬಿಚ್ಚಿದಾಗ ಅದನ್ನ ಒರೆಸೋದಕ್ಕೂ ಮೊದಲು ನೋಡ್ಬೇಕು, ಕ್ರಮವಾಗಿ ಒಂದು, ಎರಡು, ಮೂರು ಅಂತ ಪೇಪರ್ ಮೇಲೆ ಇಟ್ಟು. ಒಂದು ಮತ್ತು ಎರಡರ ತುದಿ ತಿಳಿ ಕಂದು ಬಣ್ಣ, ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ, ಅಂದ್ರೆ ಉರಿ ಸರಿಯಾಗಿದೆ, ಅಂದ್ರೆ ಕಾರ್ಬೊರೇಟರ್ ಕೊಡ್ತಿರೋ ಮಿಕ್ಸ್ಚರೂ ಸರಿಯಾಗಿದೆ. ಮೂರೂ ಒಣ ಮಸಿ ಥರ ಕಪ್ಪಾಗಿದ್ರೆ ಪೆಟ್ರೋಲ್ ಜಾಸ್ತಿ, ಬಿಳುಪಾಗಿದ್ರೆ ಕಡಿಮೆ, ಜಿಡ್ಡು ಜಿಡ್ಡು ಕಪ್ಪಾಗಿದ್ರೆ ಆಯಿಲ್ ಮೇಲೆ ಬರ್ತಿದೆ. ಮೂರನೇದು ಒದ್ದೆ, ಮೂಗಿಗೆ ಹಿಡಿದ್ರೆ ಹಸಿ ಪೆಟ್ರೋಲ್ ವಾಸನೆ. ಪೆಟ್ರೋಲ್ ಬರ್ತಿದೆ, ಬೆಂಕಿ ಬರ್ತಿಲ್ಲ. ಇನ್ನೊಂದೂ ಕಂಡಿತು, ಆ ಪ್ಲಗ್ಗಿನ ಗ್ಯಾಪ್ ಉಳಿದ ಎರಡಕ್ಕಿಂತ ಅಗಲ ಆಗಿತ್ತು. ಇರ್ಬೇಕಾದ್ದು 0.7ರಿಂದ 0.8 ಮಿಲಿಮೀಟರ್, ಇದರಲ್ಲಿ 1 ಮಿಲಿಮೀಟರಿನ ಫೀಲರ್ ಗೇಜ್ ಆರಾಮಾಗಿ ಒಳಗೆ ಹೋಯ್ತು, ಮಧ್ಯದ ಎಲೆಕ್ಟ್ರೋಡ್ ಸವೆದು ಗುಂಡಗಾಗಿತ್ತು.

ಇಲ್ಲೇ ನಿಲ್ಲಿಸಿ ಹೊಸ ಪ್ಲಗ್ ಹಾಕಿದ್ರೆ ಸ್ವಲ್ಪ ದಿನ ಸರಿ ಹೋಗ್ತಿತ್ತೇನೋ. ಆದ್ರೆ ಪ್ಲಗ್ಗಿಗೂ ಬೆಳಗಿನ ತೇವಕ್ಕೂ ಏನು ಸಂಬಂಧ, ಅದಕ್ಕೆ ಉತ್ತರ ಸಿಕ್ಕಿರಲಿಲ್ಲ. ಹೊರಗೆ ತೆಗೆದು ಕಬ್ಬಿಣಕ್ಕೆ ತಾಗಿಸಿ ಸೆಲ್ಫ್ ಹೊಡೆದ್ರೆ ಆ ಪ್ಲಗ್ಗಲ್ಲೂ ನೀಲಿ ಕಿಡಿ ಬರ್ತಿತ್ತು. ಈ ಟೆಸ್ಟ್ ನಂಬ್ಕೊಂಡು ‘ಕರೆಂಟ್ ಬರ್ತಿದೆ, ಇಗ್ನಿಷನ್ ಓಕೆ’ ಅನ್ನೋರು ತುಂಬಾ ಜನ. ಹೊರಗಿನ ಗಾಳೀಲಿ ಕಿಡಿ ಹಾರೋದು ಸುಲಭ, ಒತ್ತಡ ಇಲ್ಲ. ಒಳಗೆ ಹಾರುತ್ತಾ ಅನ್ನೋದೇ ಪ್ರಶ್ನೆ. ಕಿಡಿ ಬರ್ಲಿಲ್ಲ ಅಂದ್ರೆ ದೋಷ ಖಂಡಿತ, ಬಂತು ಅಂದ್ರೆ ದೋಷ ಇಲ್ಲ ಅಂತ ಅರ್ಥ ಅಲ್ಲ.

ರಾತ್ರಿ ಊಟ ಆದ್ಮೇಲೆ ಶೆಡ್ಡಿನ ಲೈಟ್ ಆರಿಸಿ ಬಾನೆಟ್ ಎತ್ತಿ ಎಂಜಿನ್ ಸ್ಟಾರ್ಟ್ ಮಾಡಿ ಬಿಟ್ಟೆ. ಅಮ್ಮನ ಆಂಥೂರಿಯಂ ಗಿಡಗಳಿಗೆ ನೀರು ಚಿಮುಕಿಸೋ ಸ್ಪ್ರೇ ಬಾಟಲಿ ತಗೊಂಡು ದೂರದಿಂದ ಪ್ಲಗ್ ವೈರುಗಳ ಮೇಲೆ ಸಣ್ಣಗೆ ಮಂಜಿನ ಹಾಗೆ ಹಾಯಿಸಿದೆ. ಒಂದನೇ ವೈರ್ ಮೇಲೆ ಏನಿಲ್ಲ. ಎರಡನೇದರ ಮೇಲೂ ಏನಿಲ್ಲ. ಮೂರನೇ ವೈರಿಗೆ ಮುಟ್ಟಿದ್ದೇ ತಡ, ಪ್ಲಗ್ಗಿನ ರಬ್ಬರ್ ಟೋಪಿಯಿಂದ ಒಂದು ಗೇಣು ಹಿಂದೆ, ವೈರ್ ಹೆಡ್ಡಿಗೆ ಒರಗಿರೋ ಜಾಗದಲ್ಲಿ ನೀಲಿ ಎಳೆ ಒಂದು ಚಟ್ ಚಟ್ ಅಂತ ಎದ್ದು ಹೆಡ್ಡಿಗೆ ಹೊಡೆಯೋಕೆ ಶುರು ಮಾಡ್ತು, ಪ್ರತಿ ಚಟ್ಟಿಗೂ ಎಂಜಿನ್ ಒಂದೊಂದು ಸಲ ಮುಗ್ಗರಿಸ್ತಿತ್ತು, ಸದ್ದೂ ಬೆಳಕೂ ಒಟ್ಟಿಗೆ. ಅದು ಕಂಡಾಗ ಆದ ಸಂತೋಷ ಹೇಳಕ್ಕಾಗಲ್ಲ, ಇಷ್ಟು ದಿನ ಕೇಳ್ತಾ ಇದ್ದದ್ದು ಕಣ್ಣಿಗೆ ಕಾಣ್ತಾ ಇತ್ತು. ಇದನ್ನ ಮಾಡೋರು ದಯವಿಟ್ಟು ಕೈ ದೂರ ಇಟ್ಕೊಳ್ಳಿ, ಪೆಟ್ರೋಲ್ ಲೀಕ್ ಇಲ್ಲ ಅಂತ ಮೊದಲು ನೋಡ್ಕೊಳ್ಳಿ, ಶಾಲು-ಗೀಲು ಫ್ಯಾನ್ ಬೆಲ್ಟಿನ ಹತ್ರ ಹೋಗದ ಹಾಗೆ ಕಟ್ಕೊಳ್ಳಿ, ಹೃದಯಕ್ಕೆ ಪೇಸ್‌ಮೇಕರ್ ಹಾಕಿಸ್ಕೊಂಡಿರೋರು ಈ ಕೆಲಸದ ಹತ್ರಾನೇ ಬರ್ಬೇಡಿ.

ಬೆಳಿಗ್ಗೆ ವೈರ್ ತೆಗೆದು ನೋಡಿದ್ರೆ ಆ ಜಾಗದಲ್ಲಿ ಇಲಿ ಹಲ್ಲಿನ ಗುರುತು. ಮಳೆಗಾಲದಲ್ಲಿ ಬೆಚ್ಚಗಿರೋ ಜಾಗ ಅಂತ ಎಂಜಿನ್ ಮೇಲೆ ಬಂದು ಮಲಗ್ತವೆ, ಸುಮ್ನೆ ಮಲಗಲ್ಲ, ರಬ್ಬರ್ ಕಡೀತವೆ. ಪೂರ್ತಿ ತುಂಡು ಮಾಡಿದ್ರೆ ಅವತ್ತೇ ಗೊತ್ತಾಗುತ್ತೆ, ಇದು ಮೇಲಿನ ಪದರ ಮಾತ್ರ ತಿಂದಿತ್ತು, ಹಾಗಾಗಿ ಒಣಗಿದ್ದಾಗ ಕರೆಂಟ್ ಒಳಗೇ ಇರ್ತಿತ್ತು, ಒದ್ದೆ ಆದಾಗ ಹೊರಗೆ. ಮಲ್ಟಿಮೀಟರ್ ಇಟ್ಟು ನೋಡಿದ್ರೆ ವೈರಿನ ರೆಸಿಸ್ಟೆನ್ಸ್ ಸರಿಯಾಗೇ ತೋರಿಸ್ತು, ಯಾಕಂದ್ರೆ ಒಳಗಿನ ಎಳೆಗೆ ಏನೂ ಆಗಿರಲಿಲ್ಲ, ಹೋಗಿದ್ದು ಹೊರಗಿನ ಹೊದಿಕೆ. ಸಣ್ಣ ಬ್ಯಾಟರಿಯ ಮೀಟರಿಗೆ ಸಾವಿರಾರು ವೋಲ್ಟಿನ ಲೀಕ್ ಕಾಣೋದಿಲ್ಲ. ಕೆಲವರು ಇಂಥ ಜಾಗಕ್ಕೆ ಡಬ್ಲ್ಯೂಡಿ-40 ಹೊಡೆದು ಓಡಿಸ್ತಾರೆ, ಅದು ತೇವ ಓಡಿಸುತ್ತೆ ಸರಿ, ಗಾಡಿ ಅವತ್ತಿಗೆ ಸರಿ ಹೋಗುತ್ತೆ, ತೇವದಿಂದಲೇ ತೊಂದ್ರೆ ಅನ್ನೋದಕ್ಕೆ ಸಾಕ್ಷಿನೂ ಸಿಗುತ್ತೆ. ಆದ್ರೆ ತೂತು ತೂತಾಗೇ ಇರುತ್ತೆ.

ಬೆಳಗಿನ ಮಿಸ್ಸಿಂಗ್‌ಗೆ ಕಾರಣ ಸಿಕ್ತು. ಬಿಸಿಲಲ್ಲಿ, ಬೋಯಿಕೇರಿ ಏರಲ್ಲಿ ಹೊಡೆದಿದ್ದಕ್ಕೆ ಇದು ಸಾಲದು ಅನ್ಸಿ ಕ್ಯಾಪ್ ಬಿಚ್ಚಿ ಕಿಟಕಿ ಹತ್ರ ತಂದೆ. ಒಳಗೆ ತೆಳು ಬಟ್ಟೇಲಿ ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ತಿರುಗಿಸ್ತಾ ತಿರುಗಿಸ್ತಾ ನೋಡಿದ್ರೆ ಮೂರನೇ ಟರ್ಮಿನಲಿನ ಬುಡದಿಂದ ಒಂದು ಕಪ್ಪು ಗೆರೆ, ತಲೆಕೂದಲಿಗಿಂತ ಸ್ವಲ್ಪ ದಪ್ಪ, ಬೇರಿನ ಹಾಗೆ ಕವಲೊಡೆದು ಕ್ಯಾಪಿನ ಅಂಚಿನ ತನಕ ಇಳಿದಿತ್ತು. ಅಂಚು ಕೂರೋದು ಡಿಸ್ಟ್ರಿಬ್ಯೂಟರಿನ ಅಲ್ಯೂಮಿನಿಯಂ ಮೈ ಮೇಲೆ, ಅಂದ್ರೆ ಅರ್ತ್. ಉಗುರಲ್ಲಿ ಕೆರೆದ್ರೆ ಹೋಗ್ಲಿಲ್ಲ, ಸ್ಪಿರಿಟ್ಟಲ್ಲಿ ತಿಕ್ಕಿದ್ರೂ ಹೋಗ್ಲಿಲ್ಲ. ಇದನ್ನ ಟ್ರ್ಯಾಕಿಂಗ್ ಅಂತಾರೆ. ಧೂಳು, ತೇವ ಸೇರಿ ಒಂದು ಸಲ ಕರೆಂಟ್ ಆ ದಾರೀಲಿ ಹರಿದ್ರೆ ಕ್ಯಾಪಿನ ಮೇಲ್ಮೈ ಸುಟ್ಟು ಕಾರ್ಬನ್ ಆಗುತ್ತೆ, ಕಾರ್ಬನ್ ಕರೆಂಟ್ ಒಯ್ಯುತ್ತೆ, ಅಲ್ಲಿಂದ ಮುಂದೆ ತೇವ ಇಲ್ಲದಿದ್ರೂ ಆ ದಾರಿ ತೆರೆದೇ ಇರುತ್ತೆ. ಬೇಸಿಗೇಲೂ.

ಎಲ್ಲಾನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದು ಕಥೆ ಕೂಡಿ ಬಂತು. ಪ್ಲಗ್ಗಿನ ಗ್ಯಾಪ್ ವರ್ಷಗಟ್ಟಲೆ ಸವೆದು ಅಗಲ ಆಯ್ತು, ಕಿಡಿ ಹಾರೋದಕ್ಕೆ ಬೇಕಾದ ವೋಲ್ಟೇಜ್ ಏರ್ತಾ ಹೋಯ್ತು. ಏರಿದ ವೋಲ್ಟೇಜ್ ಬೇರೆ ದಾರಿ ಹುಡುಕ್ತಾ ಇತ್ತು, ಮಳೆಗಾಲದ ತೇವ ಒಂದು ದಾರಿ ಕೊಡ್ತು, ಕ್ಯಾಪಲ್ಲಿ ಗೆರೆ ಬಿತ್ತು. ಮಧ್ಯದಲ್ಲಿ ಇಲಿ ಇನ್ನೊಂದು ದಾರಿ ಮಾಡಿಕೊಡ್ತು. ಬರೀ ಕ್ಯಾಪ್ ಬದಲಿಸಿದ್ರೆ ಹಳೇ ಪ್ಲಗ್ ಹೊಸ ಕ್ಯಾಪಲ್ಲೂ ಗೆರೆ ಎಳೀತಿತ್ತು. ಬರೀ ಪ್ಲಗ್ ಹಾಕಿದ್ರೆ ಬೆಳಗಿನ ತೊಂದ್ರೆ ಹಾಗೇ ಉಳೀತಿತ್ತು. ಬರೀ ವೈರ್ ಹಾಕಿದ್ರೆ ಏರಲ್ಲಿ ಹೊಡೀತಾನೇ ಇರ್ತಿತ್ತು. ಮೂರನ್ನೂ ಒಟ್ಟಿಗೆ ಸೆಟ್ ಆಗಿ ಹಾಕಿ ಅಂತ ಹಳೇ ಮೇಸ್ತ್ರಿಗಳು ಹೇಳೋದಕ್ಕೆ ಇದೇ ಕಾರಣ, ಅದು ವ್ಯಾಪಾರದ ಮಾತಲ್ಲ.

ಹೊಸ ಪ್ಲಗ್, ವೈರ್ ಸೆಟ್, ಕ್ಯಾಪ್, ರೋಟರ್ ತಗೊಂಡು ಕಾಕನ ಹತ್ರ ಹೋದೆ. ಮಾರುತಿ 800 ತಯಾರಿ 2014ರ ಜನವರೀಲಿ ನಿಂತಿದ್ರೂ ಇಂಥ ಪಾರ್ಟು ಸಿಗೋದು ಕಷ್ಟ ಆಗಿಲ್ಲ, ಓಮ್ನಿಗೂ ಇದೇ ಎಂಜಿನ್ ಇತ್ತಲ್ಲ, ಓಮ್ನಿ ಇಲ್ಲದ ಊರು ಕೊಡಗಲ್ಲಿ ಯಾವುದಿದೆ. ಕಾಕ ಹಳೇ ಕ್ಯಾಪ್ ಕೈಗೆ ತಗೊಂಡು ಕನ್ನಡಕ ಹಣೆಗೇರಿಸಿ ಆ ಗೆರೇನ ತುಂಬಾ ಹೊತ್ತು ನೋಡಿದ್ರು, ಮಗನನ್ನ ಕರೆದು ‘ಇದು ನೋಡಿಟ್ಕೋ’ ಅಂದ್ರು. ಆಮೇಲೆ ಪಾಯಿಂಟ್ ತೆಗೆದು ಸಣ್ಣ ಎಮರಿ ಪೇಪರಲ್ಲಿ ಮುಖ ಸಮ ಮಾಡಿ, ಪೆಟ್ರೋಲ್ ಅದ್ದಿದ ಬಟ್ಟೇಲಿ ಒರೆಸಿ, ಗ್ಯಾಪ್ 0.4ರಿಂದ 0.5 ಮಿಲಿಮೀಟರ್ ಒಳಗೆ ಕೂರಿಸಿದ್ರು. ಪಾಯಿಂಟ್ ಗ್ಯಾಪ್ ಮುಟ್ಟಿದ್ರೆ ಕಿಡಿ ಹಾರೋ ಟೈಮಿಂಗೂ ಬದಲಾಗುತ್ತೆ, ಹಾಗಾಗಿ ಲೈಟ್ ಹಿಡಿದು ಟೈಮಿಂಗ್ ನೋಡಿ ಡಿಸ್ಟ್ರಿಬ್ಯೂಟರ್ ಒಂದು ಕೂದಲೆಳೆಯಷ್ಟು ತಿರುಗಿಸಿ ಬೋಲ್ಟ್ ಬಿಗಿ ಮಾಡಿದ್ರು. ಹೊಸ ಪ್ಲಗ್ಗಿನ ಗ್ಯಾಪನ್ನೂ ಅಳೆದೇ ಹಾಕಿದ್ರು, ಡಬ್ಬೀಲಿ ಬಂದಿದ್ದು ಸರಿ ಇರುತ್ತೆ ಅಂತ ನಂಬಲ್ಲ ಅವರು. ವೈರುಗಳು ಒಂದಕ್ಕೊಂದು ತಾಗದ ಹಾಗೆ, ಹೆಡ್ಡಿಗೆ ಒರಗದ ಹಾಗೆ ಕ್ಲಿಪ್ಪಿಗೆ ಕೂರಿಸಿದ್ರು. ಕಾರ್ಬೊರೇಟರ್ ಮುಟ್ಟಲೇ ಇಲ್ಲ.

ವಾಪಸ್ ಬರುವಾಗ ನೇರ ಮನೆಗೆ ಬರದೆ ಮಡಿಕೇರಿ ಸುತ್ತಿಕೊಂಡು ಬಂದೆ, ಏರು ಬೇಕಿತ್ತು. ಮೂರನೇ ಗೇರಲ್ಲಿ ಪೂರ್ತಿ ಒತ್ತಿದ್ರೂ ಒಂದು ಜರ್ಕ್ ಇಲ್ಲ. ನಾಲ್ಕನೇ ಗೇರಲ್ಲೇ ಹತ್ತೋ ಕಡೆ ಮೂರಕ್ಕೆ ಇಳಿಸೋ ಅಭ್ಯಾಸ ಆಗಿತ್ತು, ಅದೂ ಬೇಕಾಗ್ಲಿಲ್ಲ. ರಾತ್ರಿ ಮತ್ತೆ ಶೆಡ್ಡಲ್ಲಿ ಲೈಟ್ ಆರಿಸಿ ಸ್ಪ್ರೇ ಬಾಟಲಿ ಹಿಡಿದು ನೋಡ್ದೆ, ನೀರು ಹಾಯಿಸಿದ್ರೂ ಎಲ್ಲೂ ನೀಲಿ ಇಲ್ಲ. ರಿಪೇರಿ ಆದ್ಮೇಲೆ ಅದೇ ಪರೀಕ್ಷೇನ ಇನ್ನೊಂದು ಸಲ ಮಾಡೋದು ತುಂಬಾ ಮುಖ್ಯ, ಗಾಡಿ ಚೆನ್ನಾಗಿ ಓಡ್ತಿದೆ ಅನ್ಸೋದು ಬೇರೆ, ತೊಂದ್ರೆ ಕೊಟ್ಟ ಪರಿಸ್ಥಿತೀಲೇ ನಿಲ್ಲಿಸಿ ನೋಡೋದು ಬೇರೆ.

ಪೆಟ್ರೋಲ್ ವಿಷಯಾನೂ ಹೇಳ್ಬೇಕು, ಯಾಕಂದ್ರೆ ಈಗ ಹಳೇ ಗಾಡಿ ಮಿಸ್ಸಿಂಗ್ ಅಂದ್ರೆ ಎಲ್ಲರೂ ಇ20 ಅಂತಾರೆ. 2023ರ ಫೆಬ್ರವರೀಲಿ ಬೆಂಗಳೂರಲ್ಲಿ ಇ20 ಬಿಡುಗಡೆ ಆಗಿದ್ದು, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಎಥನಾಲಲ್ಲಿ ಆಮ್ಲಜನಕ ಇರುತ್ತೆ, ಅದೇ ಜೆಟ್ ಇಟ್ಕೊಂಡಿರೋ ಕಾರ್ಬೊರೇಟರಲ್ಲಿ ಮಿಕ್ಸ್ಚರ್ ಸ್ವಲ್ಪ ತೆಳುವಾಗುತ್ತೆ, ಸೆನ್ಸರ್ ಇಲ್ಲದ ಗಾಡಿ ತಾನಾಗೇ ಸರಿ ಮಾಡ್ಕೊಳ್ಳಲ್ಲ. ಅದಲ್ದೆ ಎಥನಾಲ್ ನೀರನ್ನ ಎಳ್ಕೊಳ್ಳುತ್ತೆ, ನೀರು ಜಾಸ್ತಿ ಆದ್ರೆ ಎಥನಾಲೂ ನೀರೂ ಸೇರಿ ಪೆಟ್ರೋಲಿಂದ ಬೇರೆ ಆಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತೆ, ಪೆಟ್ರೋಲ್ ಎಳ್ಕೊಳ್ಳೋದೂ ತಳದಿಂದಲೇ. ನಮ್ಮ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸೋ ಗಾಡಿಗೆ ಇದು ನಿಜವಾದ ತೊಂದ್ರೆ, ಹಳೇ ರಬ್ಬರ್ ಹೋಸುಗಳಿಗೂ ಒಳ್ಳೇದಲ್ಲ. ಆದ್ರೆ ಈ ದೋಷ ಬಂದ್ರೆ ಮೂರೂ ಸಿಲಿಂಡರಿಗೆ ಬರುತ್ತೆ. ಒಂದೇ ಸತ್ತಿದ್ರೆ ಪೆಟ್ರೋಲ್ ಬಂಕನ್ನ ಬೈಯೋ ಮೊದಲು ವೈರ್ ನೋಡಿ.

ಹೊಸ ಗಾಡಿ ಇರೋರಿಗೂ ಈ ಲೆಕ್ಕಾಚಾರ ಬದಲಾಗಲ್ಲ. ಸ್ಕ್ಯಾನರ್ ಹಾಕಿದ್ರೆ ಪಿ0303 ಅಂತ ಒಂದು ಕೋಡ್ ಬರುತ್ತೆ, ಅಂದ್ರೆ ಮೂರನೇ ಸಿಲಿಂಡರ್ ಮಿಸ್, ಪಿ0300 ಅಂದ್ರೆ ಒಂದೇ ಕಡೆ ಅಂತಿಲ್ಲದೆ ಅಲ್ಲಲ್ಲಿ. ಕ್ರ್ಯಾಂಕ್ ತಿರುಗೋ ವೇಗ ಯಾವ ಹೊಡೆತಕ್ಕೆ ಕುಸೀತು ಅಂತ ಸೆನ್ಸರ್ ನೋಡಿ ಹೇಳುತ್ತೆ. ನಾನು ವೈರ್ ತೆಗೆದು ಕಂಡುಕೊಂಡಿದ್ದನ್ನ ಅದು ಒಂದು ಸೆಕೆಂಡಲ್ಲಿ ಕೊಡುತ್ತೆ, ಆದ್ರೆ ಯಾಕೆ ಅಂತ ಅದೂ ಹೇಳಲ್ಲ. ಕಾಯಿಲ್ಲಾ, ಪ್ಲಗ್ಗಾ, ಇಂಜೆಕ್ಟರಾ, ವಾಲ್ವಾ ಅಂತ ಒಂದೊಂದಾಗಿ ನೋಡೋ ಕೆಲಸ ಮನುಷ್ಯರದ್ದೇ. ಒಂದು ಸಿಲಿಂಡರಿನ ಕಾಯಿಲ್ ಇನ್ನೊಂದಕ್ಕೆ ಹಾಕಿ, ಕೋಡೂ ಅದರ ಹಿಂದೆ ಹೋಗುತ್ತಾ ನೋಡಿದ್ರೆ ಅರ್ಧ ಉತ್ತರ ಸಿಗುತ್ತೆ.

ಮೊನ್ನೆ ಪಕ್ಕದ ತೋಟದ ಅಣ್ಣ ಅವರ ಓಮ್ನಿ ತಗೊಂಡು ಬಂದ್ರು, ‘ನಿಂದೇ ಥರ ಮಿಸ್ಸಿಂಗ್ ಮಾರಾಯ, ಅದೇ ಕ್ಯಾಪು ವೈರು ತರಿಸ್ಕೊಡು’ ಅಂತ. ಯಾವಾಗ ಹೊಡೀತದೆ ಅಣ್ಣ ಅಂತ ಕೇಳ್ದೆ. ಗೇಟ್ ಹತ್ರ ನಿಂತಾಗ, ಪೇಟೇಲಿ ನಿಂತಾಗ, ಮೇಕೇರಿ ಏರು ಹತ್ತುವಾಗ ಏನಿಲ್ಲ ಅಂದ್ರು. ಮಳೆಗೂ ಬಿಸಿಲಿಗೂ ಸಂಬಂಧ ಇದೆಯಾ ಅಂದ್ರೆ ಇಲ್ಲ, ಯಾವಾಗಲೂ ಅದೇ. ಎಂಜಿನ್ ಓಡ್ತಿರುವಾಗಲೇ ಮ್ಯಾನಿಫೋಲ್ಡಿಗೆ ಹೋಗೋ ಸಣ್ಣ ರಬ್ಬರ್ ಹೋಸುಗಳನ್ನ ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡ್ದೆ. ಒಂದನ್ನ ಒತ್ತಿದ ಕೂಡ್ಲೇ ಸುಯ್ ಅನ್ನೋ ಸದ್ದು ನಿಂತು ಎಂಜಿನ್ ಸಮ ಆಯ್ತು, ಬಿಟ್ರೆ ಮತ್ತೆ ನಡುಕ. ತುದಿ ಬಿರುಕು ಬಿಟ್ಟಿತ್ತು. ಬಿರುಕಿರೋ ಅಷ್ಟು ಭಾಗ ಕತ್ತರಿಸಿ, ಉಳಿದದ್ದು ಉದ್ದ ಸಾಲ್ತಿತ್ತು, ಮತ್ತೆ ಸಿಕ್ಕಿಸಿ ಕ್ಲಿಪ್ ಹಾಕಿ ಕೊಟ್ಟೆ, ಹೊಸ ಹೋಸ್ ಪೇಟೆಗೆ ಹೋದಾಗ ತಗೊಂಡು ಹಾಕಿಸ್ಕೊಳ್ಳಿ ಅಣ್ಣ ಅಂತ ಹೇಳಿ, ಅವರ ಕ್ಯಾಪ್ ಬಿಚ್ಚಿ ಟಾರ್ಚ್ ಹಿಡಿದು ಒಳಗೂ ಒಂದು ಸಲ ನೋಡಿ ವಾಪಸ್ ಮುಚ್ಚಿದೆ, ಗೆರೆ ಏನೂ ಇರಲಿಲ್ಲ.